ಜೊಂಡಿನ ದಾರಿಯಲ್ಲಿ ಅಪ್ಪ

ನಂಜನಗೂಡು
ಭಾನುವಾರ, 16 ನವೆಂಬರ್ 2025

ಅಮ್ಮಾ, ನಿನ್ನ ರಮ್ಯಳ ನಮಸ್ಕಾರ.

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತಾ? ಗುರುಬಸಜ್ಜಿ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು, ನುಂಗಿಬಿಟ್ಟೆ ಎಂದು ಈಗಲೂ ನಿನಗೆ ಸುಳ್ಳು ಹೇಳುತ್ತಿದ್ದಾಳಾ? ತಿ. ನರಸೀಪುರದಲ್ಲಿ ಬೆಳಗಿನ ಚಳಿ ಶುರುವಾಗಿರಬೇಕು, ಅಜ್ಜಿ ಮನೆ ಹೊಳೆ ಪಕ್ಕ ಬೇರೆ. ಕಿವಿಗೆ ಬಟ್ಟೆ ಕಟ್ಟಿಕೊಳ್ಳದೆ ಹೊರಗೆ ಬರಬೇಡ. ನಾವಿಲ್ಲಿ ಚೆನ್ನಾಗಿದ್ದೇವೆ ಎಂದು ಬರೆಯೋಣವೆಂದರೆ ಪೆನ್ನು ಮುಂದಕ್ಕೆ ಹೋಗುತ್ತಿಲ್ಲ. ಫೋನಿನಲ್ಲಿ ಅಪ್ಪನ ಮಾತು ಎತ್ತಿದರೆ ಸಾಕು, ‘ಅದೊಂದ್ ಬುಟ್ಟು ಬೇರೆ ಏನಾರ ಇದ್ರೆ ಹೇಳು’ ಎಂದು ಕಟ್ ಮಾಡುತ್ತೀಯ. ಅದಕ್ಕೇ ಈ ಕಾಗದ. ನಮ್ಮ ಪಾರ್ಕಿನ ಜೀಪು ಓಡಿಸುವ ಪುಟ್ಟರಾಜಣ್ಣ ಇವತ್ತು ಮಧ್ಯಾಹ್ನ ನಿಮ್ಮೂರಿಗೆ ಹೋಗುತ್ತಾರಂತೆ, ಅವರ ಕೈಯಲ್ಲಿ ಕಳಿಸುತ್ತೇನೆ. ಸಿಟ್ಟು ಬಂದರೂ ಪೂರ್ತಿ ಓದು.

ನನ್ನ ಕೆಲಸದ ಜಾಗಕ್ಕೆ ನೀನು ಒಂದು ಸಲವೂ ಬರಲಿಲ್ಲ. ಉದ್ಯಾನ ಅಂದರೆ ಹೂವಿನ ಕುಂಡ, ಕಾರಂಜಿ ಎಂದುಕೊಂಡಿದ್ದೀಯೇನೋ. ಅದೇನೂ ಇಲ್ಲ. ಕಪಿಲೆಯ ದಂಡೆಯುದ್ದಕ್ಕೂ ಒಂದೇ ಮಟ್ಟದ ನೆಲ, ಅದರಲ್ಲಿ ನಡೆದಾಡುವ ದಾರಿಗಳು, ಅಷ್ಟೇ. ಹತ್ತುವ ದಿಬ್ಬವಿಲ್ಲ, ಇಳಿಯುವ ಮೆಟ್ಟಿಲಿಲ್ಲ, ನಿನ್ನ ಮಂಡಿಗೂ ಒಗ್ಗುವಂಥ ದಾರಿ. ಒಂದು ದಾರಿ ಹೊಳೆಮತ್ತಿ ಮರಗಳ ನೆರಳಿನಲ್ಲಿ ಹೋಗುತ್ತದೆ. ಇನ್ನೊಂದು ಜೊಂಡಿನ ನಡುವೆ. ಅಲ್ಲಿ ನೆಲ ಜೌಗಾದ್ದರಿಂದ ಕಾಲಿಗೆ ಕೆಸರಾಗದಂತೆ ಮರದ ಹಲಗೆ ಹಾಸಿದ್ದಾರೆ. ಬಂದವರನ್ನು ಕರೆದುಕೊಂಡು ಹೋಗಿ, ಹಕ್ಕಿ ಮರಗಳ ಹೆಸರು ಹೇಳಿ, ಜೋಪಾನವಾಗಿ ವಾಪಸ್ ಕರೆತರುವುದು ನನ್ನ ಕೆಲಸ. ಎಲ್ಲರೂ ಮೊದಲು ‘ಇಲ್ಲಿ ನೋಡಕ್ಕೆ ಏನೈತೆ?’ ಎಂದೇ ಕೇಳುತ್ತಾರೆ. ಸ್ವಲ್ಪ ದೂರ ನಡೆದ ಮೇಲೆ ತಾವಾಗಿಯೇ ಸುಮ್ಮನಾಗುತ್ತಾರೆ. ಆ ಹೊತ್ತು ನನಗೆ ಬಹಳ ಇಷ್ಟ.

ಹೋದ ವಾರದ ಶನಿವಾರ ಅಪ್ಪನ ಶಾಲೆಯ ಮಕ್ಕಳೇ ಬಂದರು. ಅಪ್ಪನೇ ವ್ಯಾನು ಓಡಿಸಿಕೊಂಡು ಬಂದಿದ್ದರು. ವ್ಯಾನಿನ ಎಡಗಡೆಯ ಕನ್ನಡಿ ಒಡೆದಿತ್ತು. ಕೇಳಿದ್ದಕ್ಕೆ, ನಿಂತಿದ್ದಾಗ ಯಾರೋ ಗುದ್ದಿದರು ಎಂದರು. ಮಕ್ಕಳ ಜೊತೆ ಬಂದದ್ದು ಅರ್ಪಿತ ಮಿಸ್ ಒಬ್ಬರೇ. ‘ಶಿವರಾಜಣ್ಣ, ನೀವು ಕೊನೇಲಿ ಬನ್ನಿ, ಯಾವ ಮಗೂನೂ ಹಿಂದೆ ಉಳೀಬಾರ್ದು’ ಎಂದರು. ಅಪ್ಪ ‘ನಾನಿಲ್ಲೇ ವ್ಯಾನ್ ತಾವ ಇರ್ತೀನಿ ಬುಡಿ ಮಿಸ್’ ಎಂದು ಹಿಂದೆ ಸರಿದರು. ಮಗಳು ಏನು ಕೆಲಸ ಮಾಡುತ್ತಾಳೆಂದು ನೋಡಲಿ ಎಂದು ನಾನೇ ಒತ್ತಾಯ ಮಾಡಿ ಕರೆದುಕೊಂಡು ಹೊರಟೆ.

ಜೊಂಡಿನ ದಾರಿಯಲ್ಲಿ ಅರ್ಧ ಹೋಗಿದ್ದೆವು. ರಾಣಿ ಎಂಬ ಎರಡನೇ ತರಗತಿಯ ಹುಡುಗಿ ಸಾಲಿನಿಂದ ಹಿಂದುಳಿದು, ಹಲಗೆಯ ಎಡ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಶೂ ಲೇಸು ಕಟ್ಟಿಕೊಳ್ಳುತ್ತಿದ್ದಳು. ನಾನು ಅವಳನ್ನು ಕರೆಯಲೆಂದು ತಿರುಗಿದೆ, ಅದಕ್ಕೇ ನಡೆದದ್ದನ್ನೆಲ್ಲ ಕಣ್ಣಾರೆ ಕಂಡೆ. ಅಪ್ಪ ನೆಟ್ಟಗೆ ನೋಡಿಕೊಂಡು ಬಂದರು. ನಿಲ್ಲಲಿಲ್ಲ, ಪಕ್ಕಕ್ಕೆ ಸರಿಯಲಿಲ್ಲ. ಅವರ ಮಂಡಿ ಮಗುವಿನ ಬೆನ್ನಿಗೆ ಬಡಿದು ಅವಳು ಮುಖ ಅಡಿಯಾಗಿ ಕೆಸರಿಗೆ ಬಿದ್ದಳು. ಕೂಗು ಕೇಳಿದ ತಕ್ಷಣ ಅಪ್ಪನೂ ಧುಮುಕಿದರು. ಆಮೇಲೆ ಮಾಡಿದ್ದೇನು ಗೊತ್ತಾ? ಮಗು ಅವರ ಮಗ್ಗುಲಲ್ಲೇ ಕೈಕಾಲು ಬಡಿಯುತ್ತಿದ್ದರೆ ಅವರು ಮುಂದಿನ ಜೊಂಡಿನಲ್ಲಿ ಎರಡೂ ಕೈಯಿಂದ ತಡಕಾಡುತ್ತ ‘ಎಲ್ಲಿದ್ದೀಯೇ ಕೂಸೇ, ಎಲ್ಲಿದ್ದೀಯೇ’ ಎಂದು ಕೂಗುತ್ತಿದ್ದರು. ನಾನು ಓಡಿಹೋಗಿ ಎತ್ತಿಕೊಂಡೆ. ನೀರು ಹೆಚ್ಚಿರಲಿಲ್ಲ, ಮೊಣಕೈ ತರಚಿತ್ತು, ಬಾಯಿಗೆ ಕೆಸರು ಹೋಗಿತ್ತು, ಬೇರೇನೂ ಆಗಲಿಲ್ಲ.

ಅರ್ಪಿತ ಮಿಸ್ ಹತ್ತಿರ ಬಂದು ದನಿ ತಗ್ಗಿಸಿ, ‘ಮಕ್ಕಳ ಮುಂದೆ ಕೇಳಬಾರ್ದು ಅಂದ್ಕೊಂಡಿದ್ದೆ. ಬೆಳಿಗ್ಗೇನೇ ಹಾಕ್ಕೊಂಡು ಬಂದಿದ್ದೀರಾ?’ ಎಂದರು. ಮಂಡಿಯುದ್ದ ಕೆಸರಿನಲ್ಲಿ ನಿಂತಿದ್ದ ಅಪ್ಪ ತಲೆ ತಗ್ಗಿಸಿ ‘ತಪ್ಪಾಯ್ತು ಮಿಸ್’ ಎಂದರು. ಮೇಲಕ್ಕೆ ಹತ್ತಿಸಲು ನಾನು ಕೈ ಕೊಟ್ಟಾಗ ಅವರ ಮುಖ ನನ್ನ ಮುಖದ ಹತ್ತಿರ ಬಂತು. ವಿಭೂತಿ ವಾಸನೆ ಇತ್ತು, ಬೆವರಿನ ವಾಸನೆ ಇತ್ತು. ಇನ್ನೇನೂ ಇರಲಿಲ್ಲ ಅಮ್ಮ. ಕುಡಿಯದ ಮನುಷ್ಯ ಕುಡಿದದ್ದಕ್ಕೆ ಕ್ಷಮೆ ಕೇಳುತ್ತಿದ್ದರು.

ಮಿಸ್ಸು ರಾಣಿಯನ್ನು ತೊಳೆಯಲು ಗೇಟಿನ ಹತ್ತಿರದ ನಲ್ಲಿಗೆ ಮಕ್ಕಳನ್ನೆಲ್ಲ ಕರೆದುಕೊಂಡು ಹೋದರು. ನಾನು ಅಪ್ಪನನ್ನು ಕಲ್ಲುಬೆಂಚಿನ ಮೇಲೆ ಕೂರಿಸಿದೆ. ಎಡಗಡೆ ಜೊಂಡಿನ ಮೇಲೆ ಒಂದು ಮಿಂಚುಳ್ಳಿ ಬಂದು ಕೂತಿತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ‘ಅಪ್ಪಾ, ಮಿಂಚುಳ್ಳಿ ನೋಡಿ’ ಎಂದೆ. ಅವರು ಎದುರಿಗೆ ನೋಡಿದರು. ‘ಎಡಗಡೆ’ ಎಂದೆ. ಕತ್ತು ಭುಜ ಎಲ್ಲವನ್ನೂ ತಿರುಗಿಸಿ ನೋಡಿ, ‘ಹೂಂ, ಚೆನ್ನಾಗದೆ’ ಎಂದರು. ಹಕ್ಕಿ ಆಗಲೇ ಹಾರಿಹೋಗಿತ್ತು.

ಯಾವಾಗಿನಿಂದ ಎಂದು ಕೇಳಿದೆ. ಅಪ್ಪ ಹೇಳಿದರು: ‘ಓದ್ ವರ್ಸದಿಂದ ಕಣವ್ವ. ಮುಂದ್ಕೆ ಕಾಣ್ತದೆ. ಪಕ್ಕದಲ್ಲಿ ಕಾಣಕಿಲ್ಲ, ಕಾಲ್ತಾವ ಕಾಣಕಿಲ್ಲ. ಕೊಳವೇಲಿ ನೋಡ್ದಂಗೆ.’ ಕನ್ನಡಕದ ಅಂಗಡಿಯವರು ದೊಡ್ಡ ಆಸ್ಪತ್ರೆಗೆ ಹೋಗಿ ಎಂದಿದ್ದರಂತೆ. ಹೋದರೆ ಲೈಸೆನ್ಸು ಹೋಗುತ್ತದೆಂದು ಹೋಗಲಿಲ್ಲವಂತೆ.

ಆಯುಧಪೂಜೆಯ ದಿನ ಅವರು ಆರತಿ ತಟ್ಟೆಯನ್ನು ಒದ್ದದ್ದು, ದೀಪ ಉರುಳಿ ನಿನ್ನ ಸೀರೆ ಅಂಚು ಸುಟ್ಟದ್ದು, ನೀನು ಬೀದಿಯವರ ಮುಂದೆಯೇ ‘ಕುಡುದಿದ್ದೀರಾ?’ ಎಂದು ಕೇಳಿದ್ದು, ಅವರು ‘ಹೂಂ’ ಎಂದದ್ದು ಎಲ್ಲ ಕಣ್ಣ ಮುಂದೆ ಬಂತು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆಯಲ್ಲಿ ಇದೊಂದು ಬಾಕಿ ಇತ್ತು ಎಂದು ನೀನು ಮಾರನೆಯ ದಿನ ಬಸ್ಸು ಹತ್ತಿದೆ. ನಾನೂ ಅದನ್ನೇ ನಂಬಿದ್ದೆ. ಯಾಕೆ ಹಾಗೆ ಒಪ್ಪಿಕೊಂಡಿರಿ ಎಂದು ಕೇಳಿದೆ. ಅಪ್ಪ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ: ‘ಕುಡುದ್ರೆ ಬಯ್ತಾಳೆ, ಮುನುಸ್ಕೊಂಡು ಓಯ್ತಾಳೆ. ಬುಟ್ಬುಟ್ಟೆ ಅಂದ್ರೆ ವಾಪಸ್ ಬತ್ತಾಳೆ. ಕಣ್ಣೋಯ್ತು ಅಂದ್ರೆ ಜೀವ್ಮಾನೆಲ್ಲ ನನ್ ಕೈ ಇಡ್ಕೊಂಡು ಓಡಾಡುಸ್ಬೇಕಲ್ಲವ್ವ ಅವ್ಳು. ಅದ್ಕಿಂತ ಬಯ್ಲಿ ಅಂತ.’

ಅಷ್ಟರಲ್ಲಿ ಹೊರಡುವ ಹೊತ್ತಾಯಿತು. ಅಪ್ಪ ಎದ್ದು ನಿಂತು, ‘ಇವತ್ತೊಂದಿನ ಬುಡವ್ವ. ಮಕ್ಕಳ್ನ ಮನೆ ಮುಟ್ಟುಸ್ಬುಟ್ಟು ನಾನೇ ಸ್ಕೂಲ್ನೋರ್ಗೆ ಹೇಳ್ತೀನಿ’ ಎಂದರು. ನಾನು ಅವರ ಎಡಜೇಬಿಗೆ ಕೈ ಹಾಕಿ ವ್ಯಾನಿನ ಕೀ ತೆಗೆದುಕೊಂಡೆ. ನನ್ನ ಕೈ ಬಂದದ್ದೂ ಅವರಿಗೆ ಕಾಣಲಿಲ್ಲ. ಜೇಬು ಹಗುರಾದ ಮೇಲೆ ತಡವಿ ನೋಡಿಕೊಂಡರು.

ಗೇಟಿನ ಹತ್ತಿರ ಅರ್ಪಿತ ಮಿಸ್‌ಗೆ ನಾನೇ ಹೇಳಿದೆ: ‘ಅಪ್ಪ ಕುಡಿದಿಲ್ಲ ಮಿಸ್. ಅವರಿಗೆ ಕಣ್ಣು ಕಾಣ್ತಿಲ್ಲ.’ ಅವರು ಬಾಯಿ ಮೇಲೆ ಕೈ ಇಟ್ಟುಕೊಂಡು ವ್ಯಾನಿನಲ್ಲಿದ್ದ ಮಕ್ಕಳ ಕಡೆ ತಿರುಗಿದರು. ಪುಟ್ಟರಾಜಣ್ಣ ಸ್ಟಿಯರಿಂಗ್ ಹಿಡಿದರು. ಅಪ್ಪ ಹಿಂದಿನ ಸೀಟಿನಲ್ಲಿ ಮಕ್ಕಳ ನಡುವೆ ಕೂತರು. ಯಾವುದೋ ಮಗು ‘ಡ್ರೈವರ್ ಅಂಕಲ್ ಯಾಕ್ ಹಿಂದ್ಗಡೆ ಕೂತವ್ರೆ?’ ಎಂದು ಕೇಳುತ್ತಿತ್ತು. ವ್ಯಾನು ಹೋದ ಮೇಲೆ ನಾನು ಟಿಕೆಟ್ ಕೋಣೆಯ ಹಿಂದೆ ನಿಂತು ಅತ್ತೆ.

ಮನೆಗೆ ಬಂದಾಗ ಅಪ್ಪ ಹೇಳಿದ್ದು ಒಂದೇ ಮಾತು, ‘ಕೀ ಕೇಳಿದ್ರೆ ಕೊಡ್ತಿದ್ದೆ ಕಣವ್ವ.’ ಕೊಡುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಶಾಲೆಯವರು ಬೈಯಲಿಲ್ಲ, ಇನ್ನು ಬರುವುದು ಬೇಡ ಎಂದು ಹೇಳಿ ಕಳಿಸಿದರು. ಸೋಮವಾರ ವ್ಯಾನಿನ ಹೊತ್ತಿಗೆ ಸರಿಯಾಗಿ ಖಾಕಿ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು. ಬೀದಿಯ ಮಕ್ಕಳು ಟಾಟಾ ಮಾಡಿದರೆ ಕೆಲವರಿಗೆ ಕೈ ಎತ್ತಿದರು, ಪಕ್ಕದಿಂದ ಹೋದವರಿಗೆ ಎತ್ತಲಿಲ್ಲ. ಬುಧವಾರ ತಾವಾಗಿಯೇ ‘ನಡಿ, ತೋರುಸ್ಕೊಂಡು ಬರಾವ’ ಎಂದರು. ಮೈಸೂರಿನ ಡಾಕ್ಟರು ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಒಣಗುತ್ತ ಬಂದಿದೆ ಎಂದರು. ಹೋದ ನೋಟ ವಾಪಸ್ ಬರುವುದಿಲ್ಲವಂತೆ. ಔಷಧಿ ಹನಿ ತಪ್ಪಿಸದೆ ಹಾಕಿಕೊಂಡರೆ ಇರುವುದು ಉಳಿಯಬಹುದಂತೆ. ವಾಪಸ್ ಬರುವಾಗ ಅಪ್ಪ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ದಾರಿಯುದ್ದಕ್ಕೂ ಗದ್ದೆಗಳ ಕಡೆ ತಿರುಗಿಕೊಂಡೇ ಇದ್ದರು. ಇಳಿಯುವಾಗ ನಾನು ಕೈ ಹಿಡಿದೆ. ಕೊಸರಿಕೊಳ್ಳಲಿಲ್ಲ.

‘ನಿಮ್ಮಮ್ಮಂಗೆ ನಾನೇ ಹೇಳ್ತೀನಿ, ನೀನೇಳ್ಬೇಡ’ ಎಂದಿದ್ದಾರೆ. ದಿನಾ ಫೋನು ಹಿಡಿದು ನಿನ್ನ ನಂಬರು ಒತ್ತಿ, ರಿಂಗಾಗುವುದರೊಳಗೆ ಇಟ್ಟುಬಿಡುತ್ತಾರೆ. ನಿನ್ನ ಫೋನಿನಲ್ಲಿ ಅವರ ಮಿಸ್ ಕಾಲ್ ಬಂದಿದ್ದರೆ ಅದು ಕುಡಿದ ಅಮಲಿನಲ್ಲಿ ಒತ್ತಿದ್ದಲ್ಲ. ನಾನು ಅವರ ಮಾತು ಮೀರಿ ಬರೆದಿದ್ದೇನೆ. ನಿನ್ನ ಸಿಟ್ಟು ತಪ್ಪೆಂದು ನಾನು ಹೇಳುವುದಿಲ್ಲ. ಅವರು ನಿನಗೆ ಕೊಟ್ಟ ಕಾರಣವೇ ಸುಳ್ಳಾಗಿತ್ತು.

ಅಜ್ಜಿಯ ಪಾದಕ್ಕೆ ನನ್ನ ನಮಸ್ಕಾರ ಹೇಳು. ಮಾತ್ರೆಯನ್ನು ನಿನ್ನೆದುರಿಗೇ ನುಂಗಿಸು. ನಿನ್ನ ಆಶೀರ್ವಾದ ನಮ್ಮಿಬ್ಬರ ಮೇಲೂ ಇರಲಿ.

ನಿನ್ನ ಮಗಳು
ರಮ್ಯ

ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ: ಪುಟ್ಟರಾಜಣ್ಣ ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಇದು ಮನೆತನದಲ್ಲಿ ಬರುವ ಕಾಯಿಲೆ, ಮಕ್ಕಳೂ ತೋರಿಸಿಕೊಳ್ಳಬೇಕು ಎಂದು ಡಾಕ್ಟರು ಹೇಳಿದರು. ಮೊನ್ನೆ ಶುಕ್ರವಾರ ನಾನೊಬ್ಬಳೇ ಹೋಗಿ ತೋರಿಸಿಕೊಂಡೆ. ನನಗೂ ಶುರುವಾಗಿದೆ ಅಮ್ಮ. ಹೆದರಬೇಡ, ಈಗ ಎಲ್ಲ ಕಾಣುತ್ತಿದೆ, ಬೇಗ ಗೊತ್ತಾದದ್ದು ಒಳ್ಳೆಯದಾಯಿತು ಎಂದಿದ್ದಾರೆ. ಅಪ್ಪನಿಗೆ ಹೇಳಿಲ್ಲ. ಹೇಳಿದರೆ ತಮ್ಮಿಂದಲೇ ಬಂತೆಂದು ಕುಸಿದುಹೋಗುತ್ತಾರೆ, ಹೇಳದಿದ್ದರೆ ಅವರು ಮಾಡಿದ್ದನ್ನೇ ನಾನೂ ಮಾಡಿದಂತಾಗುತ್ತದೆ. ನನಗೊಬ್ಬಳಿಗೇ ಆಗುತ್ತಿಲ್ಲ. ನಾಳೆ ಮೊದಲ ಬಸ್ಸಿಗೇ ಬಾ.