ಒಡೆಯದ ಬಾದಾಮಿ

ಒರಿಸ್ತಾನೊ,
ಫೆಬ್ರವರಿ 9

ನನ್ನ ಮುದ್ದು ಇಲಾರಿಯಾ,

ಆರು ವರ್ಷದ ಮೇಲೆ ಅಮ್ಮನ ಅಕ್ಷರ ಕಂಡು ಹುಬ್ಬು ಗಂಟಿಕ್ಕಬೇಡ. ನಿನ್ನ ಮಗಳು ಪುಟ್ಟ ನೋಯೆಮಿಗೂ ನಿನ್ನ ಹಾಗೆಯೇ ಗೋಧಿ ಆಗುವುದಿಲ್ಲವಂತೆ, ನಿನ್ನ ತಮ್ಮ ಗವೀನೊ ಹೇಳಿದ. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ.

ಇದರ ಜೊತೆ ನಮ್ಮ ಮರದ ಬಾದಾಮಿ ಮೂರು ಕಿಲೋ ಇದೆ. ಮಗುವಿಗೆ ಅಮರೆತ್ತಿ ಬಿಸ್ಕತ್ತು ಮಾಡಿಕೊಡು. ಬಾದಾಮಿ, ಸಕ್ಕರೆ, ಮೊಟ್ಟೆಯ ಬಿಳಿ ಬಿಟ್ಟರೆ ಅದಕ್ಕೆ ಬೇರೇನೂ ಬೇಡ. ಮೂಳೆಗೆ ಒಳ್ಳೆಯದು, ಎರಡು ತಿಂದರೆ ಮಧ್ಯಾಹ್ನದವರೆಗೆ ಹಸಿವೆನ್ನುವುದಿಲ್ಲ. ನೀನು ಹುಟ್ಟಿದಾಗ ನಿನ್ನ ಅಜ್ಜಿ ನಲವತ್ತು ದಿನ ನನಗೆ ಅದನ್ನೇ ತಿನ್ನಿಸಿದ್ದಳು, ಹಾಲು ಬರಲಿ ಅಂತ. ಕಹಿ ಬಾದಾಮಿ ಮಾತ್ರ ಬೆರೆಸಬೇಡ, ಇನ್ನೂ ಚಿಕ್ಕವಳು. ಚಿಪ್ಪು ಒಡೆಯದೆ ಕಳಿಸಿದ್ದಕ್ಕೆ ಬೈದುಕೊಳ್ಳಬೇಡ, ನನ್ನ ಮಣಿಕಟ್ಟು ನೋಯುತ್ತದೆ.

ನೋಯೆಮಿಯ ಜ್ಞಾನಸ್ನಾನದ ಹಿಂದಿನ ದಿನ ಮರೆಯಲಾಗುತ್ತಿಲ್ಲ. ಓಣಿಯ ಹೆಂಗಸರೆಲ್ಲ ನಮ್ಮ ಅಡುಗೆಮನೆಯಲ್ಲಿ ಕೂತು ಬಾದಾಮಿ ಉಂಡೆ ಕಟ್ಟುತ್ತಿದ್ದೆವು. ಗೋಧಿ ಮುಟ್ಟಬೇಡ ಎಂದು ಟುರಿನ್‌ನ ಡಾಕ್ಟರು ನಿನಗೆ ಆಗಷ್ಟೇ ಹೇಳಿದ್ದರು. ಬಾಗಿಲಲ್ಲಿ ನಿಂತು, "ಅಮ್ಮಾ, ಹಿಟ್ಟು ಬಿದ್ದಿಲ್ಲ ತಾನೆ?" ಎಂದು ಮೂರು ಸಲ ಕೇಳಿದೆ. ನಿನ್ನ ಸೋದರತ್ತೆ ಬೊನಾರಿಯಾ, "ಟುರಿನ್‌ಗೆ ಹೋದ್ಮೇಲೆ ಮಹಾರಾಣಿಗೆ ನಮ್ಮ ರೊಟ್ಟಿ ಗಂಟಲಲ್ಲಿ ಇಳಿಯಲ್ವಂತೆ ಕಣ್ರೇ" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. "ಮಗು ತಲೆ ಮೇಲಾಣೆ, ಒಂದು ಚಿಟಿಕೆನೂ ಇಲ್ಲ, ತಿನ್ನೇ" ಎಂದೆ.

ಸಂಜೆಯೊಳಗೆ ನೀನು ಹೊಟ್ಟೆ ಹಿಡಿದುಕೊಂಡು ಮಲಗಿದೆ. ಮರುದಿನ ಜ್ಞಾನಸ್ನಾನಕ್ಕೆ ಮಗುವನ್ನು ನಾನೇ ಎತ್ತಿಕೊಂಡು ಚರ್ಚಿಗೆ ಹೋದೆ. ಬಂದವರಿಗೆಲ್ಲ ಇದು ನಿನ್ನ ನಾಟಕ ಎಂದೂ ಹೇಳಿದೆ. ನಾಲ್ಕನೇ ದಿನ ಹಡಗು ಹತ್ತಿ ನಮ್ಮ ದ್ವೀಪ ಬಿಟ್ಟವಳು ಮತ್ತೆ ಬರಲಿಲ್ಲ.

ಯಾರ ಕೈಗೋ ರೊಟ್ಟಿಯ ಹಿಟ್ಟು ಅಂಟಿದ್ದಿರಬೇಕು. ಅದಕ್ಕಿಂತ ಹೆಚ್ಚು ಏನು ಹೇಳಲಿ? ನಾಟಕ ಎಂದ ನನ್ನ ಬಾಯಿಗೆ ಮಣ್ಣು ಬೀಳಲಿ. ಈಸ್ಟರ್‌ಗೆ ಮಗುವನ್ನು ಕರೆದುಕೊಂಡು ಬಾ. ನಾನು ಒಲೆಯ ಹತ್ತಿರವೂ ಸುಳಿಯುವುದಿಲ್ಲ, ಅಡುಗೆ ನೀನೇ ಮಾಡು.

ನಿನ್ನ ದಾರಿ ಕಾಯುವ ಅಮ್ಮ,
ಎಫಿಸಿಯಾ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಯಾರ ಕೈಯ ಹಿಟ್ಟೂ ಅಲ್ಲ, ಇಲಾರಿಯಾ. ಎರಡು ಹಿಡಿ ಹಿಟ್ಟನ್ನು ನಾನೇ ಬೇಕೆಂದು ಕಲಸಿದ್ದೆ. ನೀನು ತಿಂದು ಏನೂ ಆಗದಿದ್ದರೆ, ನಿನ್ನ ಕಾಯಿಲೆ ಸುಳ್ಳೆಂದು ಎಲ್ಲರೆದುರು ಹೇಳಬೇಕೆಂದಿದ್ದೆ. ಆಣೆ ಇಟ್ಟದ್ದು ಕಲಸಿದ ಮೇಲೆ. ನನ್ನ ಮಣಿಕಟ್ಟಿಗೂ ಏನೂ ಆಗಿಲ್ಲ. ಒಳಗಿನ ಬೀಜಕ್ಕೆ ನನ್ನ ಕೈ ಸೋಕಿಲ್ಲವೆಂದು ನಿನಗೆ ನಂಬಿಕೆ ಬರಲಿ ಎಂದೇ ಬಾದಾಮಿ ಒಡೆಯಲಿಲ್ಲ.