ಹದಿನೇಳನೆಯ ಪೆಟ್ಟಿಗೆಗೆ ಇಟ್ಟ ಕುಂಕುಮ

ಹಳೆಯ ವೈದ್ಯರ ದಾಖಲೆಗಳ ಓದುಕೋಣೆಯನ್ನು ಆಳುತ್ತಿರುವ ಮಾನ್ಯರೇ,

ಒಂದು ಬೊಟ್ಟು ಕುಂಕುಮಕ್ಕಾಗಿ ನನ್ನ ಓದುಗರ ಕಾರ್ಡನ್ನು ಒಂದು ವರ್ಷ ರದ್ದು ಮಾಡಿದ್ದೀರಿ. ಇಂಗ್ಲಿಷಿನಲ್ಲಿ ಮೂರು ಸಲ ಬರೆದುಕೊಂಡೆ. ಮೂರು ಸಲವೂ ನಿಮ್ಮ ಕಂಪ್ಯೂಟರ್ ಧನ್ಯವಾದ ಹೇಳಿತು. ಹಾಗಾಗಿ ಈಗ ನನಗೆ ಸರಿಯಾಗಿ ಸಿಟ್ಟು ಮಾಡಿಕೊಳ್ಳಲು ಬರುವ ಭಾಷೆಯಲ್ಲಿ, ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಹೇಗಿದ್ದರೂ ನೀವು ಓದುವುದಿಲ್ಲವಲ್ಲ!

ನಾನು ಮೈಸೂರಿನಲ್ಲಿ ಓದಿದ ವೈದ್ಯೆ. ಇಲ್ಲಿಯ ಪರೀಕ್ಷೆಗಳನ್ನೂ ಮುಗಿಸಿದೆ. ತರಬೇತಿಗೆ ಯಾವ ಆಸ್ಪತ್ರೆಯೂ ಕರೆಯಲಿಲ್ಲ. ಹನ್ನೊಂದು ವರ್ಷಗಳಿಂದ ಸಿಯಾಟಲ್ ಪಕ್ಕದ ಓವರ್‌ಲೇಕ್‌ನಲ್ಲಿ ಒಬ್ಬ ಸಾಫ್ಟ್‌ವೇರ್ ಎಂಜಿನಿಯರರ ಹೆಂಡತಿ. ಗಂಡ ಆಫೀಸಿಗೆ, ಮಗಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಸದ್ದು ಮಾಡುವುದು ಡಿಶ್‌ವಾಷರ್ ಒಂದೇ. ಅದಕ್ಕೇ ಮಂಗಳವಾರ, ಗುರುವಾರ ಬಸ್ಸು ಹಿಡಿದು ಸಿಯಾಟಲ್‌ಗೆ ಬಂದು, ನಿಮ್ಮ ಹದಿನೇಳನೆಯ ಪೆಟ್ಟಿಗೆ ಕೇಳಿ ಪಡೆಯುತ್ತಿದ್ದೆ. ಅದರಲ್ಲಿರುವುದು ನೂರೆಪ್ಪತ್ತು ವರ್ಷದ ಹಿಂದೆ ವೈದ್ಯಕೀಯ ಕಲಿತವನೊಬ್ಬನ ನೋಟ್‌ಬುಕ್. ಆ ಪುಣ್ಯಾತ್ಮ ಎರಡು ಚಳಿಗಾಲ ಪಾಠ ಕೇಳಿದ, ಎರಡನೆಯ ವರ್ಷವೂ ಮೊದಲನೆಯ ವರ್ಷದ ಪಾಠಗಳನ್ನೇ. ಆಮೇಲೆ ಡಾಕ್ಟರ್! ಐದೂವರೆ ವರ್ಷ ಓದಿ, ನೂರಾರು ಹೆರಿಗೆ ಮಾಡಿಸಿ ಬಂದ ನಾನು ಮಾತ್ರ ವೀಸಾ ಕಾಗದದಲ್ಲಿ ‘ಅವಲಂಬಿತೆ’. ಹೊಟ್ಟೆಕಿಚ್ಚಿನಿಂದಲೇ ಓದಲು ಕೂತೆ, ಸುಳ್ಳೇಕೆ ಹೇಳಲಿ?

ಆದರೆ ಎಂಬತ್ತನೆಯ ಪುಟದಲ್ಲಿ ಅವನೊಬ್ಬ ಬಾಣಂತಿಯನ್ನು ನೋಡಲು ಹೋದ. ಅವಳಿಗೆ ಜ್ವರ. “ಕೈ ತೊಳ್ಕೊಳ್ಳೋ ಮಾರಾಯ!” ಎಂದು ನಾನು ಗಟ್ಟಿಯಾಗಿಯೇ ಅಂದುಬಿಟ್ಟೆ, ನಿಮ್ಮ ಸಿಬ್ಬಂದಿ ತಲೆಯೆತ್ತಿ ನೋಡಿದರು. ಎಂಬತ್ತೆಂಟನೆಯ ಪುಟದ ಕೊನೆಗೆ ಬರೆದಿದ್ದಾನೆ: ಇವತ್ತೂ ಜ್ವರ ಇಳಿದಿಲ್ಲ, ಕೇಳೋಣವೆಂದರೆ ಇಲ್ಲಿ ಯಾರೂ ಇಲ್ಲ. ಅಲ್ಲಿಗೆ ನಿಮ್ಮ ಬಾಗಿಲು ಮುಚ್ಚುವ ಹೊತ್ತಾಯಿತು.

ಅಂದು ಆಯುಧಪೂಜೆ. ಕೆಲಸದ ಸಾಮಾನಿಗೆ ಕುಂಕುಮ ಇಡುವುದು ನಮ್ಮ ರೂಢಿ. ಮೈಸೂರಿನ ಆಸ್ಪತ್ರೆಯಲ್ಲಿ ಸ್ಟೆತಾಸ್ಕೋಪಿಗೆ ಇಡುತ್ತಿದ್ದೆ. ಈಗ ನನಗೆ ಬೇರೆ ಯಾವ ಸಾಮಾನಿದೆ? ಪರ್ಸಿನಲ್ಲಿದ್ದ ಕುಂಕುಮವನ್ನು ಪೆಟ್ಟಿಗೆಯ ಮುಚ್ಚಳಕ್ಕೆ ಇಟ್ಟೆ. ತಪ್ಪು ನನ್ನದೇ, ಒಪ್ಪಿದೆ. ಆದರೆ ಅದು ತಾಗಿದ್ದು ಹೊಸ ರಟ್ಟಿಗೆ, ಹಾಳೆಗಲ್ಲ. ಆ ಪೆಟ್ಟಿಗೆಯನ್ನು ಪಡೆದವರು ಸಹಿ ಹಾಕುವ ಚೀಟಿಯಲ್ಲಿರುವ ಸಹಿಗಳೆಲ್ಲ ನನ್ನವೇ. ಮತ್ತೆ ನೀವು ಅದನ್ನು ನನ್ನಿಂದ ಕಾಪಾಡುತ್ತಿರುವುದು ಯಾರಿಗಾಗಿ?

“ಹೋಗ್ಲಿ ಬಿಡು ಮಧು, ಆನ್‌ಲೈನ್‌ನಲ್ಲಿ ಬೇರೆ ಏನಾದ್ರೂ ಓದ್ಕೋ,” ಎಂದರು ಗಂಡ. ಮಗಳು ಜಾಹ್ನವಿ ಫೋನಿನಿಂದ ತಲೆಯೆತ್ತದೆ, “ಅಮ್ಮಾ, ಶೀ ಈಸ್ ಡೆಡ್ ಎನಿವೇ,” ಎಂದಳು. ನಿಜ, ಯಾವತ್ತೋ ಸತ್ತಿದ್ದಾಳೆ. ನನ್ನ ಪಾಲಿಗೆ ಮಾತ್ರ ಅವಳಿಗೆ ಇನ್ನೂ ಜ್ವರ.

ನನ್ನ ಕಾರ್ಡು ವಾಪಸು ಕೊಡಿ. ಆಗದಿದ್ದರೆ ನಿಮ್ಮವರು ಯಾರಾದರೂ ಎಂಬತ್ತೊಂಬತ್ತನೆಯ ಪುಟ ತಿರುಗಿಸಿ ನೋಡಿ, ಜ್ವರ ಇಳಿಯಿತೋ ಇಲ್ಲವೋ ಎಂಬ ಒಂದೇ ಮಾತು ತಿಳಿಸಿ. ಈ ದೇಶದಲ್ಲಿ ನನಗೆ ಸಿಕ್ಕಿದ ರೋಗಿ ಅವಳೊಬ್ಬಳೇ.

ಇಂತಿ,
ಕಾರ್ಡು ಕಳೆದುಕೊಂಡ ಅವಲಂಬಿತೆ,
ಡಾ. ಮಧುಶ್ರೀ