ಬೀಗರಿಗೆ ಬರೆದ ವಿನಯದ ಕಾಗದ

ಝೆನ್‌ಜಿಯಾಂಗ್
ನವೆಂಬರ್ ೯

ಪ್ರೀತಿಯ ಅಕ್ಕ,

ಹಾರ್ಬಿನ್‌ನಲ್ಲಿ ಆಗಲೇ ಹಿಮ ಬಿದ್ದಿರಬೇಕು. ಎಲ್ಲರೂ ಬೆಚ್ಚಗಿದ್ದೀರಿ ತಾನೆ? ಒಂದೂವರೆ ತಿಂಗಳಿಂದ ಬರೆಯಲಿಲ್ಲವೆಂದು ಬೈಯಬೇಡ. ಮನೆಯ ಕಂಪ್ಯೂಟರ್ ಅಪ್ಪನ ವಶದಲ್ಲಿತ್ತು, ಅದರ ಜೊತೆಗೆ ನಾನೂ.

ನನ್ನ ಹುಡುಗ ದುವಾರ್ತೆಯ ಅಪ್ಪ ಅಮ್ಮ ಮದುವೆಯ ಮಾತಿಗೆ ಪೋರ್ಚುಗಲ್‌ನಿಂದ ಬರುತ್ತಾರಲ್ಲ, ಅವರನ್ನು ಕರೆದು ತಾನೇ ಕಾಗದ ಬರೆಯಬೇಕೆಂದು ಅಪ್ಪ ಹಟ ಹಿಡಿದರು. ಅನುವಾದ ದುವಾರ್ತೆಯೇ ಮಾಡಲಿ ಎಂದೆ.

"ಅಳಿಯನಾಗೋನ ಕೈಲಿ ಬೀಗರಿಗೆ ಕಾಗದ ಬರೆಸ್ತಾರೇನೇ? ನೀನು ಸಾಹಿತ್ಯ ಓದಿದ್ದು ಯಾತಕ್ಕೆ? ಕೂತ್ಕೋ, ಟೈಪ್ ಮಾಡು!"

ಕೂತೆ. ಉಚ್ಚಾರಣೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದರೆ ಪರದೆಯ ಮೇಲೆ ಅದೇ ಉಚ್ಚಾರಣೆಯ ಏಳೆಂಟು ಚೀನೀ ಅಕ್ಷರಗಳು ಸಾಲಾಗಿ ನಿಲ್ಲುತ್ತವಲ್ಲ, ಅಪ್ಪ ಹೆಣ್ಣು ನೋಡಲು ಬಂದವರ ಹಾಗೆ ಕನ್ನಡಕ ಏರಿಸಿಕೊಂಡು, "ಇದು ಬೇಡ, ಆ ಮೂರನೇದು" ಎಂದು ಆರಿಸಿದರು. ವಿನೆಗರ್ ಕಾರ್ಖಾನೆಯ ಮೇಸ್ತ್ರಿಯ ಬಾಯಲ್ಲಿ ಅರಮನೆಯ ಭಾಷೆ! "ನಮ್ಮದು ಸೋರುವ ಗುಡಿಸಲು. ತಮಗೆ ಬಡಿಸಲು ಏನೂ ಇಲ್ಲ. ನನ್ನ ಮಗಳು ದಡ್ಡಿ, ಒಂದು ಕೆಲಸವೂ ಬಾರದು, ತಮ್ಮ ಮನೆಗೆ ತಕ್ಕವಳಲ್ಲ." ಮರ್ಯಾದಸ್ಥರು ಬೀಗರಿಗೆ ಇನ್ನು ಹೇಗೆ ಬರೆಯುತ್ತಾರೆ?

ಕಂಪ್ಯೂಟರ್‌ನಲ್ಲೇ ಅದನ್ನು ಪೋರ್ಚುಗೀಸಿಗೆ ತಿರುಗಿಸಿದೆ. ಅನುಮಾನ ಬೇಡವೆಂದು ಮತ್ತೆ ಚೀನೀ ಭಾಷೆಗೆ ತಂದು ನೋಡಿದೆ. ಒಂದು ಮಾತೂ ಆಚೀಚೆಯಾಗಿರಲಿಲ್ಲ. ಅನಾಹುತವಾದದ್ದೇ ಅದರಿಂದ.

ಮೂರು ವಾರಕ್ಕೆ ದೊಡ್ಡ ಪೆಟ್ಟಿಗೆ ಬಂತು. ನಲವತ್ತು ಡಬ್ಬಿ ಬೂತಾಯಿ ಮೀನು, ಎರಡು ಕಂಬಳಿ, ಸೂರಿಗೆ ಹೊದಿಸಲು ಒಂದು ಟಾರ್ಪಾಲು. ಏಳನೆಯ ಮಹಡಿಯಲ್ಲಿರುವ ನಮಗೆ! ಜೊತೆಗೆ ದುವಾರ್ತೆಯ ಅಮ್ಮನ ಕಾಗದ: "ನಿಮ್ಮ ಕಷ್ಟ ಓದಿ ಅತ್ತೆವು. ಬರುವಾಗ ಇನ್ನಷ್ಟು ತರುತ್ತೇವೆ. ಆದರೆ ಆ ಹುಡುಗಿಯನ್ನು ದಡ್ಡಿ ಎನ್ನಬೇಡಿ. ವಿಡಿಯೊ ಕರೆಯಲ್ಲಿ ನಾನು ಕೆಮ್ಮಿದ್ದು ನನ್ನ ಮಗನಿಗೆ ಕೇಳಿಸಲಿಲ್ಲ. ಅವಳು ನೀರು ಕುಡಿಯಿರಿ ಎಂದು ಸನ್ನೆ ಮಾಡಿದಳು."

"ನಾನೇನು ಭಿಕ್ಷೆ ಬೇಡಿದ್ನಾ?" ಅಪ್ಪ ಕುಣಿದಾಡಿದರು. "ಅವರು ಬರೋದೂ ಬೇಡ, ಈ ಮದುವೇನೂ ಬೇಡ!"

ಅಮ್ಮ ಮಾತ್ರ ಒಂದು ಡಬ್ಬಿ ತೆರೆದು, ಮೀನಿನ ಮೇಲೆ ನಮ್ಮ ಕಪ್ಪು ವಿನೆಗರ್ ಸುರಿದುಕೊಂಡು ತಿನ್ನುತ್ತಾ, "ಏನೂ ಇಲ್ಲ ಅಂದೋರು ನೀವು, ಕಳಿಸಿದೋರು ಅವರು. ತಪ್ಪೇನಿದೆ? ಚೆನ್ನಾಗಿದೆ ಕಣ್ರೀ, ಇನ್ನೊಂದು ತೆಗೀಲಾ?" ಎಂದಳು.

ದುವಾರ್ತೆ ಫೋನಿನಲ್ಲಿ ನಕ್ಕು ನಕ್ಕು ಸುಸ್ತಾದ. ಅದು ಬರೀ ಉಪಚಾರದ ಮಾತು ಎಂದು ಅವನು ಎಷ್ಟು ವಿವರಿಸಿದರೂ ಅವರಮ್ಮ, "ಪಾಪ, ಸ್ವಾಭಿಮಾನಿಗಳು" ಎಂದರಂತೆ.

ಎರಡು ದಿನ ಮುನಿಸಿಕೊಂಡಿದ್ದ ಅಪ್ಪ ಮೂರನೆಯ ದಿನ ಹೊಸ ಕಾಗದ ಹೇಳಿ ಬರೆಸಿದರು, ಪೊಲೀಸರಿಗೆ ಹೇಳಿಕೆ ಕೊಡುವವರಂತೆ. "ಸೂರು ಸೋರುವುದಿಲ್ಲ. ಲಿಫ್ಟ್ ನಡೆಯುತ್ತದೆ. ವಾರಕ್ಕೆ ಮೂರು ದಿನ ಮೀನು ತಿನ್ನುತ್ತೇವೆ." ಕಾಗದದ ಕೊನೆಗೆ ಹೀಗಿತ್ತು: "ಮಗಳು ಜಾಣೆ. ಅವಳು ಹೋದರೆ ಮನೆ ಬಿಕೋ ಎನ್ನುತ್ತದೆ." ನಿನ್ನೆ ಉತ್ತರ ಬಂತು. ವಸಂತಕ್ಕೆ ಖಂಡಿತ ಬರುತ್ತಾರಂತೆ. ಟಾರ್ಪಾಲು ವಾಪಸು ಬೇಡವಂತೆ.

ಭಾವನಿಗೆ ನಮಸ್ಕಾರ ಹೇಳು. ಮಗುವಿನ ಎರಡೂ ಕೆನ್ನೆಗೆ ನನ್ನ ಮುತ್ತು. ನೀವೆಲ್ಲ ಚಳಿಗಾಲವನ್ನು ಸುಖವಾಗಿ ಕಳೆಯಿರಿ.

ನಿನ್ನ ತಂಗಿ,
ಸುಯಾವೊ

ಮರೆತ ಮಾತು: ಮರೆತದ್ದಲ್ಲ. ಹೊಸ ಕಾಗದದ ಆ ಕೊನೆಯ ಮಾತು ಅಪ್ಪ ಹೇಳಿದ್ದಲ್ಲ ಅಕ್ಕ. "ಮಗಳು…" ಎಂದು ಶುರುಮಾಡಿ ಬಹಳ ಹೊತ್ತು ಪರದೆ ನೋಡುತ್ತಾ ಕೂತರು. ಆಮೇಲೆ, "ಅಲ್ಲಿ ಏನಾದ್ರೂ ಹಾಕು" ಎಂದು ಎದ್ದು ಹೋದರು. ನಾನೇ ಹಾಕಿದೆ. ನಿನ್ನ ಮದುವೆಯ ಹೊತ್ತಿಗೆ ನಾನು ಚಿಕ್ಕವಳು, ನೆನಪಿಲ್ಲ. ಆಗ ಅವರು ನಿನ್ನ ಬಗ್ಗೆ ಏನಾದರೂ ಹೇಳಿದ್ದರಾ? ಹೇಳಿದ್ದರೆ ಅವರು ಅಂದ ಮಾತಿನಲ್ಲೇ ಬರೆ.